ಪೆಟ್ಟು ತಿಂದ ಮಿದುಳಿಗೆ ಹಳೆಯ ಅಳತೆ ಸಲ್ಲದು

ಯುಗಾದಿಯ ಮರುದಿನ ಹೊಸತೊಡಕು. ಮಂಡ್ಯ, ರಾಮನಗರದ ಕಡೆಯ ಊರುಗಳಲ್ಲಿ ಅಂದು ಬೆಳಕು ಹರಿಯುವ ಮೊದಲೇ ಗುಡ್ಡೆ ಮಾಂಸದ ಮುಂದೆ ಜನ ಸೇರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮಸಾಲೆಯ ಘಮ ಬೀದಿ ತುಂಬಿರುತ್ತದೆ, ತೋಟದ ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಗೆಳೆಯರ ಗುಂಪು ಕೂತಿರುತ್ತದೆ. ಆ ಗುಂಪಿನಲ್ಲಿ ಒಬ್ಬ, ಕೆಲವು ತಿಂಗಳ ಹಿಂದೆ ಬೈಕಿನಿಂದ ಬಿದ್ದು ಐಸಿಯುನಲ್ಲಿ ಮಲಗಿದ್ದು ಬಂದವನು. ಹೊಲಿಗೆಯ ಗುರುತಿನ ಮೇಲೆ ಈಗ ಕೂದಲು ಬೆಳೆದಿದೆ. ನಡೆಯುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ. ‘ಹಬ್ಬದ ದಿನ ಏನೂ ಆಗಲ್ಲ ಬಾರ್ಲಾ, ಒಂದು ನೈಂಟಿ ಹಾಕು’ ಎಂದು ಗೆಳೆಯನೊಬ್ಬ ಪ್ರೀತಿಯಿಂದಲೇ ಲೋಟ ಮುಂದೆ ಮಾಡುತ್ತಾನೆ.

ಹಿಂದೆ ಪೂರ್ತಿ ಕ್ವಾರ್ಟರ್ ಮುಗಿಸಿ ನೆಟ್ಟಗೆ ಮನೆ ಸೇರುತ್ತಿದ್ದವನು. ಇಂದು ಅದರ ಅರ್ಧಕ್ಕೇ ನಾಲಿಗೆ ತೊದಲುತ್ತದೆ, ಕಾಲು ಎಡವುತ್ತದೆ. ಯಾರದೋ ಸಣ್ಣ ಮಾತಿಗೆ ಎದ್ದು ಕೈ ಮಾಡುತ್ತಾನೆ. ಮರುದಿನ ಬೆಳಿಗ್ಗೆ ಫಿಟ್ಸ್ ಬರುತ್ತದೆ. ‘ನಿನ್ನೆ ಸ್ವಲ್ಪ ಜಾಸ್ತಿ ಆಯ್ತು’ ಎನ್ನುತ್ತಾರೆ ಊರಿನವರು. ಜಾಸ್ತಿ ಆಗಿರಲಿಲ್ಲ. ಕುಡಿದದ್ದು ಹಿಂದಿಗಿಂತ ಕಡಿಮೆಯೇ. ಬದಲಾಗಿದ್ದು ಅದನ್ನು ತಾಳಿಕೊಳ್ಳಬೇಕಾದ ಮಿದುಳು.

ಕುಡಿದರೆ ಅಪಘಾತವಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಅಪಘಾತವಾದ ಮೇಲೆ ಕುಡಿತ ಏನಾಗುತ್ತದೆ ಎಂಬುದು ಮಾತ್ರ ಮನೆಯಲ್ಲೂ ಚರ್ಚೆಗೆ ಬರುವುದಿಲ್ಲ, ಬಹಳಷ್ಟು ಕಡೆ ಆಸ್ಪತ್ರೆಯಲ್ಲೂ ಬರುವುದಿಲ್ಲ. ಈ ಮೌನಕ್ಕೆ ತೆರುವ ಬೆಲೆ ದೊಡ್ಡದು.

ಎಮರ್ಜೆನ್ಸಿ ವಾರ್ಡಿನಲ್ಲಿ ಹೇಳದ ಮಾತು

ಭಾರತದಲ್ಲಿ ತಲೆಗೆ ಪೆಟ್ಟಾಗುವ ಪ್ರಕರಣಗಳ ಕುರಿತು ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯನ್ನು ಈಗಲೂ ಉಲ್ಲೇಖಿಸುತ್ತಾರೆ. ಅದರ ಪ್ರಕಾರ ಇಂಥ ಪೆಟ್ಟುಗಳಲ್ಲಿ ಸುಮಾರು ಶೇ 60ರಷ್ಟು ರಸ್ತೆ ಅಪಘಾತಗಳಿಂದ, ಶೇ 20ರಿಂದ 25ರಷ್ಟು ಬೀಳುವುದರಿಂದ, ಶೇ 10ರಷ್ಟು ಹೊಡೆದಾಟದಿಂದ ಆಗುತ್ತವೆ. ಗಾಯಗೊಂಡ ಗಳಿಗೆಯಲ್ಲಿ ಮದ್ಯದ ಪಾತ್ರವಿದ್ದ ಪ್ರಕರಣಗಳು ಶೇ 15ರಿಂದ 20. ಅಮೆರಿಕದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಅಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರುವವರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಂದಿ ಕುಡಿದಿರುತ್ತಾರೆ ಎಂದು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಕೊರಿಗನ್ 1995ರ ಸಮೀಕ್ಷೆಯಲ್ಲಿ ಬರೆದರು.

ನಮ್ಮಲ್ಲಿ ಕುಡಿತದ ವಿವರ ಕೇಸ್ ಶೀಟಿಗೆ ಸೇರುವುದೇ ಕಷ್ಟ. ‘ಕುಡಿದಿದ್ರಾ? ದಿನಾ ಕುಡಿಯೋ ಅಭ್ಯಾಸ ಇದೆಯಾ?’ ಎಂದು ಡ್ಯೂಟಿ ಡಾಕ್ಟರ್ ಕೇಳಿದಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಆಗಿದೆ, ಪೊಲೀಸರು ಬರುತ್ತಾರೆ, ಇನ್ಶೂರೆನ್ಸ್ ದುಡ್ಡು ಕೈತಪ್ಪಿದರೆ? ‘ಇಲ್ಲ ಸಾರ್, ಯಾವಾಗಾದ್ರೂ ಒಂದೊಂದ್ಸಲ’ ಎಂಬ ಉತ್ತರ ಬರುತ್ತದೆ. ಭಯದಿಂದ ಬರುವ ಆ ಉತ್ತರವನ್ನು ಅಷ್ಟು ಸುಲಭವಾಗಿ ದೂರಲಾಗದು. ಆದರೆ ಅದು ರೋಗಿಯ ಜೀವಕ್ಕೇ ಕುತ್ತು ತರಬಲ್ಲದು.

ದಿನವೂ ಕುಡಿಯುವವರು ಏಕಾಏಕಿ ಬಿಟ್ಟರೆ ದೇಹ ತಿರುಗಿ ಬೀಳುತ್ತದೆ. ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಗಳ ಒಳಗೆ ಫಿಟ್ಸ್ ಬರಬಹುದು. ಎರಡು–ಮೂರು ದಿನ ಕಳೆದ ಮೇಲೆ ಕೈ ನಡುಕ, ಬೆವರು, ಗಾಬರಿ ಹೆಚ್ಚಾಗಿ, ಇಲ್ಲದ ಹುಳುಗಳು ಕಾಣುವುದು, ಡ್ರಿಪ್ಸ್ ಕಿತ್ತೊಗೆದು ಎದ್ದು ಓಡುವುದು ಶುರುವಾಗಬಹುದು. ತಲೆಯೊಳಗೆ ರಕ್ತಸ್ರಾವ ಹೆಚ್ಚಾದಾಗಲೂ ಊತ ಬಂದಾಗಲೂ ರೋಗಿ ಹೀಗೆಯೇ ಕಂಗೆಡುತ್ತಾನೆ. ಯಾವುದು ಯಾವುದರಿಂದ ಎಂದು ಗುರುತಿಸಲು ವೈದ್ಯರಿಗೆ ನಿಜ ಗೊತ್ತಿರಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ವರ್ಷಗಟ್ಟಲೆ ಕುಡಿದವರ ದೇಹದಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹೊಸದೊಂದು ಹಾನಿಯಾಗುವ ಅಪಾಯವಿದೆ. ವೈದ್ಯರ ಕಿವಿಗೆ ಬಿದ್ದ ಒಂದು ನಿಜದ ಮಾತು ಇದನ್ನೆಲ್ಲ ತಪ್ಪಿಸುತ್ತದೆ.

ಆಸ್ಪತ್ರೆಗೇ ಹೋಗದವರ ಪಾಡು ಬೇರೆ. ಕುಡಿದು ಬಿದ್ದವನನ್ನು ‘ಮಲಗಿರಲಿ, ಬೆಳಿಗ್ಗೆ ಸರಿ ಹೋಗ್ತಾನೆ’ ಎಂದು ಜಗಲಿಯ ಮೇಲೆ ಬಿಡುವುದು ನಮ್ಮಲ್ಲಿ ಮಾಮೂಲು. ಅದು ನಶೆಯ ನಿದ್ದೆಯೋ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿ ಆವರಿಸುತ್ತಿರುವ ಮಂಪರೋ ಎಂದು ಕಣ್ಣಳತೆಯಲ್ಲಿ ಹೇಳಲು ಸಾಧ್ಯವಿಲ್ಲ. ಹಲವು ವರ್ಷ ಕುಡಿದವರಲ್ಲಿ ಮಿದುಳು ತುಸು ಕುಗ್ಗಿರುತ್ತದೆ, ಅದರ ಮೇಲ್ಮೈಯ ರಕ್ತನಾಳಗಳು ಎಳೆದುಕೊಂಡಿರುತ್ತವೆ. ಲಿವರ್ ಕೆಟ್ಟಿದ್ದರೆ ರಕ್ತ ಹೆಪ್ಪುಗಟ್ಟುವುದೂ ನಿಧಾನ. ಹಾಗಾಗಿ ಸಣ್ಣ ಪೆಟ್ಟಿಗೂ ರಕ್ತ ಜಿನುಗಿ, ವಾರಗಳ ನಂತರ ತಲೆನೋವು, ಮರೆವು, ಒಂದು ಬದಿಯ ನಿಶ್ಶಕ್ತಿಯಾಗಿ ಕಾಣಿಸಿಕೊಳ್ಳಬಹುದು.

ಒಳಗೆ ಏನು ಬದಲಾಗುತ್ತದೆ

ಮಿದುಳು ಮೆತ್ತಗಿನ ಅಂಗ. ತಲೆ ರಸ್ತೆಗೆ ಅಪ್ಪಳಿಸಿದಾಗ ಅದು ಬುರುಡೆಯೊಳಗೆ ಮುಂದಕ್ಕೂ ಹಿಂದಕ್ಕೂ ತೊನೆಯುತ್ತದೆ. ಬುರುಡೆಯ ತಳ ಮುಂಭಾಗದಲ್ಲಿ ಒರಟು. ಅದಕ್ಕೇ ಪೆಟ್ಟು ಎಲ್ಲೇ ಬಿದ್ದರೂ ಹಣೆಯ ಹಿಂದಿನ ಭಾಗ ಮತ್ತು ಕಿವಿಯ ಮೇಲಿನ ಭಾಗದ ತುದಿಗಳು ಹೆಚ್ಚು ತರಚುತ್ತವೆ. ಜೊತೆಗೆ, ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ಸೂಕ್ಷ್ಮ ನರತಂತುಗಳು ಜಗ್ಗಿ ತುಂಡಾಗುತ್ತವೆ. ಈ ತಂತುಗಳ ಹಾನಿ ಸಾಮಾನ್ಯ ಸಿ.ಟಿ. ಸ್ಕ್ಯಾನಿನಲ್ಲಿ ಕಾಣದೇ ಇರಬಹುದು. ‘ಸ್ಕ್ಯಾನ್ ನಾರ್ಮಲ್ ಬಂದಿದೆ’ ಎಂದಮಾತ್ರಕ್ಕೆ ಮಿದುಳು ಮೊದಲಿನಂತೆಯೇ ಇದೆ ಎಂದಲ್ಲ.

ಹಣೆಯ ಹಿಂದಿನ ಆ ಭಾಗವೇ ನಮ್ಮ ನಡವಳಿಕೆಗೆ ಬ್ರೇಕ್. ಈಗ ಬೇಕೆನಿಸಿದ್ದನ್ನು ನಾಳೆಗೆ ಮುಂದೂಡುವುದು, ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವುದು, ‘ಇಷ್ಟು ಸಾಕು’ ಎಂದು ಲೋಟ ಕೆಳಗಿಡುವುದು ಎಲ್ಲ ಅದರ ಕೆಲಸ. ಮದ್ಯವೂ ಮೊದಲು ಮಂಕುಗೊಳಿಸುವುದು ಇದೇ ಭಾಗವನ್ನು. ಪೆಟ್ಟಿನಿಂದ ಆಗಲೇ ದುರ್ಬಲವಾದ ಹಿಡಿತದ ಮೇಲೆ ಮದ್ಯ ಬಂದು ಕೂತಾಗ, ಮೊದಲ ಲೋಟಕ್ಕೇ ಎರಡನೆಯದನ್ನು ತಡೆಯುವ ಶಕ್ತಿ ಹೋಗಿರುತ್ತದೆ. ತೂಕ ತಪ್ಪದೆ ನಿಲ್ಲುವುದು, ಸ್ಪಷ್ಟ ಮಾತು, ನೆನಪು, ಗಮನ, ಹೀಗೆ ಪೆಟ್ಟಿನಿಂದ ಕುಂದಿದ್ದ ಒಂದೊಂದೂ ಮದ್ಯದಿಂದ ಮತ್ತಷ್ಟು ಕುಂದುತ್ತದೆ. ಉಳಿದ ನರಕೋಶಗಳು ಹೊಸ ದಾರಿ ಹುಡುಕಿಕೊಂಡು ಚೇತರಿಸುವ ಕೆಲಸಕ್ಕೂ ಅಡ್ಡಿಯಾಗುತ್ತದೆ.

ಕುಡಿದು ವಾಹನ ಓಡಿಸುವವರಿಗೆ ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮದ್ಯ. ಪೆಟ್ಟಾದ ಮಿದುಳಿಗೆ ಈ ಮಿತಿಯೂ ಆಸರೆಯಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎಂದು ಯಾವ ವೈದ್ಯಶಾಸ್ತ್ರವೂ ಅಂಥವರಿಗೆ ಅಳತೆ ಹೇಳಿಲ್ಲ.

ಹಣೆಯ ಹಿಂದಿನ ಭಾಗದ ಗಾಯವೆಂದರೆ ವೈದ್ಯ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವ ಹೆಸರು ಫಿನಿಯಸ್ ಗೇಜ್. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಬಳಿ ರೈಲು ಹಳಿಗಾಗಿ ಬಂಡೆ ಸಿಡಿಸುವಾಗ, ಸುಮಾರು ಆರು ಕೆ.ಜಿ. ತೂಕದ ಕಬ್ಬಿಣದ ಸರಳು ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂದರೂ ಬದುಕುಳಿದ ಯುವಕ. ಅವನ ಸ್ವಭಾವವೇ ಬದಲಾಯಿತೆಂದು ಚಿಕಿತ್ಸೆ ಮಾಡಿದ ಡಾ. ಜಾನ್ ಹಾರ್ಲೋ 1868ರಲ್ಲಿ ಬರೆದರು. ಮುಂದಿನವರು ಆ ಕತೆಗೆ ತಮ್ಮದೇ ಬಣ್ಣ ಸೇರಿಸಿ ಗೇಜ್‌ನನ್ನು ಕುಡುಕನನ್ನಾಗಿ ಮಾಡಿದರು. ಮೂಲ ದಾಖಲೆಗಳನ್ನೆಲ್ಲ ಜಾಲಾಡಿದ ಮನಶ್ಶಾಸ್ತ್ರದ ಇತಿಹಾಸಕಾರ ಮಾಲ್ಕಂ ಮ್ಯಾಕ್‌ಮಿಲನ್‌ಗೆ ಅದಕ್ಕೆ ಆಧಾರ ಸಿಗಲಿಲ್ಲ. ಗೇಜ್ ಚಿಲಿ ದೇಶದಲ್ಲಿ ವರ್ಷಗಳ ಕಾಲ ಕುದುರೆ ಗಾಡಿ ಓಡಿಸಿ ದುಡಿದವನು. ತಲೆಗೆ ಪೆಟ್ಟಾದವರು ತಡವರಿಸಿ ನಡೆದರೆ, ತಟ್ಟನೆ ಸಿಟ್ಟಾದರೆ ‘ಕುಡಿದಿರಬೇಕು’ ಎಂದುಬಿಡುವ ಚಾಳಿ ಇಂದಿಗೂ ಹಾಗೆಯೇ ಇದೆ. ಕುಡಿಯದವರಿಗೂ ಆ ಅಪವಾದ ತಪ್ಪುವುದಿಲ್ಲ.

ಮೊದಲು ನಿಲ್ಲುತ್ತದೆ, ಆಮೇಲೆ ಮರಳುತ್ತದೆ

ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಬಹುತೇಕರ ಕುಡಿತ ತಾನಾಗಿಯೇ ಇಳಿಯುತ್ತದೆ. ಇದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡ ಸಂಗತಿ. ಕಾರಣಗಳು ಸರಳ: ಹಾಸಿಗೆ ಬಿಟ್ಟು ಏಳಲಾಗದು, ಕೈಯಲ್ಲಿ ಕಾಸಿಲ್ಲ, ಬೈಕಿನ ಕೀಲಿ ಹೆಂಡತಿಯ ಬಳಿ, ಸುತ್ತ ಸದಾ ಯಾರಾದರೂ ಇರುತ್ತಾರೆ. ಸಾವಿನ ಹತ್ತಿರ ಹೋಗಿ ಬಂದ ಭಯವೂ ತಾಜಾ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬೊಂಬಾರ್ಡಿಯರ್ ಮತ್ತು ಸಂಗಡಿಗರು ಈ ಅವಧಿಯನ್ನು ಅಪರೂಪದ ಅವಕಾಶವೆಂದು ಗುರುತಿಸಿದರು. ಗಾಯಾಳುಗಳಲ್ಲಿ ಅನೇಕರು ಆಗ ಕುಡಿತ ಬಿಡುವ ಮಾತನ್ನು ಕೇಳಿಸಿಕೊಳ್ಳಲು, ಬಿಡಲು ತಯಾರಿರುತ್ತಾರೆ.

ಆ ಅವಕಾಶ ನಮ್ಮಲ್ಲಿ ವ್ಯರ್ಥವಾಗುತ್ತಿದೆ. ಡಿಸ್ಚಾರ್ಜ್ ದಿನ ಬಿಲ್ಲು, ಮಾತ್ರೆ, ಮುಂದಿನ ಸ್ಕ್ಯಾನಿನ ತಾರೀಖು, ಆಂಬುಲೆನ್ಸ್ ಬಾಡಿಗೆಯ ಗಡಿಬಿಡಿಯಲ್ಲಿ ಕುಡಿತದ ಮಾತೇ ಬರುವುದಿಲ್ಲ. ಬಂದರೂ ‘ಇನ್ನು ಕುಡಿಯಬಾರದು, ಆಯ್ತಾ’ ಎಂಬ ಒಂದು ಸಾಲು. ಯಾಕೆ, ಎಷ್ಟು ದಿನ, ಆಸೆಯಾದಾಗ ಏನು ಮಾಡಬೇಕು ಎಂಬುದನ್ನು ಕೂತು ಹೇಳುವವರು ಕಡಿಮೆ. ಹೇಳಿದ್ದು ರೋಗಿಯ ನೆನಪಿನಲ್ಲಿ ಉಳಿಯುವುದೂ ಇಲ್ಲ, ಏಕೆಂದರೆ ಹೊಸದನ್ನು ನೆನಪಿಡುವ ಶಕ್ತಿಗೇ ಪೆಟ್ಟಾಗಿರುತ್ತದೆ. ಕಾಗದದ ಮೇಲೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವಂತೆ ಕೊಟ್ಟರೆ ಎಷ್ಟೋ ಉಪಯೋಗ.

ಆಮೇಲೆ ದೇಹಕ್ಕೆ ಬಲ ಬರುತ್ತದೆ, ಬದುಕು ಮಾತ್ರ ಮೊದಲಿನಂತಾಗುವುದಿಲ್ಲ. ಗಾರೆ ಮೇಸ್ತ್ರಿಗೆ ಸಾರುವೆ ಹತ್ತಲು ತಲೆ ತಿರುಗುತ್ತದೆ. ಲೆಕ್ಕ ಬರೆಯುವವರಿಗೆ ಅಂಕಿಗಳು ಕಲಸಿಹೋಗುತ್ತವೆ. ಕೆಲಸ ಹೋಗುತ್ತದೆ, ಸಾಲ ಉಳಿಯುತ್ತದೆ. ರಾತ್ರಿ ನಿದ್ದೆಯಿಲ್ಲ, ಗದ್ದಲ ಸಹಿಸಲಾಗದು, ತಲೆನೋವು ಬಿಡದು. ಮಕ್ಕಳು ಹತ್ತಿರ ಬರಲು ಹೆದರುತ್ತಾರೆ. ಖಿನ್ನತೆ ಇಂಥವರಲ್ಲಿ ತೀರಾ ಸಾಮಾನ್ಯ. ಹಗಲೆಲ್ಲ ಒಬ್ಬನೇ ಕೂತವನನ್ನು ಆದರದಿಂದ ಕರೆಯುವುದು ಹಳೆಯ ಕುಡಿತದ ಗೆಳೆಯರು ಮಾತ್ರ ಎಂಬಂಥ ಸ್ಥಿತಿ ಬಂದರೆ, ಆತ ಆ ಕಡೆ ನಡೆಯುವುದರಲ್ಲಿ ಆಶ್ಚರ್ಯವಿಲ್ಲ. ‘ನಿದ್ದೆಗೆಂದು ಸ್ವಲ್ಪ’ ಎಂದು ಶುರುವಾಗುವುದೂ ಉಂಟು. ಮದ್ಯ ಬೇಗ ಮಂಪರು ತರುತ್ತದೆ ನಿಜ, ನಡುರಾತ್ರಿಯ ಮೇಲೆ ನಿದ್ದೆಯನ್ನು ಚೂರು ಮಾಡುವುದೂ ಅದೇ.

ಹಿಂದೆ ಸಮಸ್ಯೆಯೇ ಇರದವರೂ ಈ ದಾರಿ ಹಿಡಿಯುತ್ತಾರೆ. ತಲೆಗೆ ಪೆಟ್ಟಾದವರಲ್ಲಿ ಶೇ 10ರಿಂದ 20ರಷ್ಟು ಮಂದಿಗೆ ಮದ್ಯ ಅಥವಾ ಮಾದಕ ವಸ್ತುವಿನ ತೊಂದರೆ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಗಾಯದ ನಂತರವೇ ಎಂಬುದು ಅಮೆರಿಕದ ಅಂದಾಜು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 1977ರಲ್ಲಿ ಹುಟ್ಟಿದ 1,265 ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನವೂ ಇದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ. ಎಳವೆಯಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದ ಮಕ್ಕಳಲ್ಲಿ, ಹದಿಹರೆಯಕ್ಕೆ ಬಂದಾಗ ಮದ್ಯ, ಮಾದಕ ವಸ್ತುಗಳ ತೊಂದರೆ ಉಳಿದವರಿಗಿಂತ ಹೆಚ್ಚಾಗಿತ್ತು.

ಆಸೆಯೇ ಅಳಿದವರು

ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ. ಕೆಲವರಿಗೆ ಪೆಟ್ಟಿನ ನಂತರ ಮದ್ಯ ಬೇಡವೇ ಆಗುತ್ತದೆ. ಒಂದು ಕಾರಣ ವಾಸನೆ. ಮೂಗಿನ ಮೇಲ್ಭಾಗದ ತೆಳು ಮೂಳೆಯ ರಂಧ್ರಗಳ ಮೂಲಕ ಹಾದುಹೋಗುವ ವಾಸನೆಯ ಎಳೆಗಳು ಪೆಟ್ಟಿನ ಜಗ್ಗಾಟದಲ್ಲಿ ಕಡಿದುಹೋದರೆ ಊಟ, ಕಾಫಿ, ಮದ್ಯ ಎಲ್ಲವೂ ಸಪ್ಪೆ. (ಇಂಥವರ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸೋರಿದರೂ ಅವರಿಗೆ ಗೊತ್ತಾಗದು, ಎಚ್ಚರವಿರಲಿ.)

ಇನ್ನೊಂದು ಕಾರಣ ಇನ್ನೂ ಆಳದ್ದು. ಮಿದುಳಿನ ಮಡಿಕೆಗಳ ಒಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ಹಾನಿಯಾದ ಕೆಲವು ಧೂಮಪಾನಿಗಳು ಸಿಗರೇಟಿನ ಬಯಕೆಯನ್ನೇ ಕಳೆದುಕೊಂಡರೆಂದು 2007ರಲ್ಲಿ ವರದಿಯಾಯಿತು. ಫಿನ್ಲೆಂಡಿನ ಯುಹೊ ಯೌಟ್ಸಾ ಮತ್ತು ಅಮೆರಿಕದ ಮೈಕೆಲ್ ಫಾಕ್ಸ್ ಅವರ ತಂಡ 2022ರಲ್ಲಿ, ಚಟ ಅಳಿಸಿಹಾಕಿದ ಇಂಥ ಹಾನಿಗಳು ಮಿದುಳಿನ ಒಂದೇ ಜಾಲಕ್ಕೆ ಸೇರುತ್ತವೆಂದು ತೋರಿಸಿತು. ಮದ್ಯದ ಬಯಕೆಗೂ ಆ ಜಾಲಕ್ಕೂ ನಂಟಿರುವ ಸುಳಿವೂ ಸಿಕ್ಕಿತು. ಚಟವೆಂಬುದು ಬರೀ ಮನಸ್ಸು ಗಟ್ಟಿ ಮಾಡಿಕೊಳ್ಳುವ ಪ್ರಶ್ನೆಯಲ್ಲ, ಮಿದುಳಿನ ಅಂಗರಚನೆಯ ಪ್ರಶ್ನೆಯೂ ಹೌದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಕುಡಿಯುವ ನೀರಿನ ವಿಷಯವನ್ನೂ ಇಲ್ಲೇ ಹೇಳಬೇಕು. ಪೆಟ್ಟಿನಿಂದ ಪಿಟ್ಯುಟರಿ ಗ್ರಂಥಿಗೋ ಅದರ ತೊಟ್ಟಿಗೋ ಹಾನಿಯಾದರೆ, ಮೂತ್ರವನ್ನು ಹಿಡಿತದಲ್ಲಿಡುವ ಹಾರ್ಮೋನು ಕಡಿಮೆಯಾಗಿ ದಿನಕ್ಕೆ ಹಲವು ಲೀಟರ್ ನೀರಿನಂಥ ಮೂತ್ರ ಹೋಗುತ್ತದೆ. ರೋಗಿ ಕೊಡಗಟ್ಟಲೆ ನೀರು ಕೇಳುತ್ತಾನೆ. ಇದು ಸಕ್ಕರೆ ಕಾಯಿಲೆಯಲ್ಲ. ಎಷ್ಟೋ ಬಾರಿ ಕೆಲವೇ ದಿನಗಳಲ್ಲಿ ತಾನೇ ಸರಿಹೋಗುತ್ತದೆ, ಉಳಿದುಕೊಂಡರೆ ಔಷಧಿ ಇದೆ. ‘ಬಾಯಾರಿಕೆ ಅಷ್ಟೇ’ ಎಂದು ಸುಮ್ಮನಿರದೆ ವೈದ್ಯರಿಗೆ ತಿಳಿಸಬೇಕು.

ಫಿಟ್ಸ್ ಮಾತ್ರೆ ಮತ್ತು ಮದ್ಯ

ತಲೆಯ ಪೆಟ್ಟು ಮುಂದೆ ಮೂರ್ಛೆರೋಗಕ್ಕೆ ದಾರಿಯಾಗಬಹುದು. ಪೆಟ್ಟು ತೀವ್ರವಿದ್ದಷ್ಟೂ ಆ ಸಾಧ್ಯತೆ ಹೆಚ್ಚು. ಅದಕ್ಕೇ ಹಲವರಿಗೆ ಫೆನಿಟಾಯಿನ್, ಲೆವೆಟಿರಸೆಟಮ್‌ನಂಥ ಮಾತ್ರೆ ಬರೆದಿರುತ್ತಾರೆ. ಮದ್ಯ ಇಲ್ಲಿ ಎರಡು ಕಡೆಯಿಂದ ಕಾಡುತ್ತದೆ. ವಿಪರೀತ ಕುಡಿದ ಮರುದಿನ ನಶೆ ಇಳಿಯುವಾಗ ಫಿಟ್ಸ್ ಬರುವ ಸಂಭವ ಏರುತ್ತದೆ. ಮಾತ್ರೆಯ ಮಟ್ಟವನ್ನೂ ಅದು ಏರುಪೇರು ಮಾಡುತ್ತದೆ. ಉದಾಹರಣೆಗೆ, ದಿನವೂ ಕುಡಿಯುವವರಲ್ಲಿ ಲಿವರ್ ಫೆನಿಟಾಯಿನ್ ಅನ್ನು ಬೇಗ ಹೊರಹಾಕುತ್ತದೆ, ಒಮ್ಮೆಲೇ ಹೆಚ್ಚು ಕುಡಿದಾಗ ಅದೇ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ನಮ್ಮ ಮನೆಗಳ ಒಂದು ಲೆಕ್ಕಾಚಾರ: ‘ಇವತ್ತು ಕುಡಿದಿದ್ದೀನಿ, ಮಾತ್ರೆ ಬೇಡ.’ ಮಾತ್ರೆ ತಪ್ಪಿತು, ಮದ್ಯ ಇಳಿಯಿತು, ಬೆಳಗಿನ ಜಾವ ಫಿಟ್ಸ್ ಬಂತು. ಬಚ್ಚಲಲ್ಲೋ ಬಾವಿಕಟ್ಟೆಯಲ್ಲೋ ಬಿದ್ದು ಮತ್ತೆ ತಲೆಗೆ ಪೆಟ್ಟು. ಒಮ್ಮೆ ತಲೆಗೆ ಪೆಟ್ಟಾದವರಿಗೆ ಮತ್ತೊಮ್ಮೆ ಪೆಟ್ಟಾಗುವ ಸಾಧ್ಯತೆ ಹೇಗೂ ಉಳಿದವರಿಗಿಂತ ಹೆಚ್ಚು, ಎರಡನೆಯದರ ಪರಿಣಾಮವೂ ಹೆಚ್ಚು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಕುಡಿದಿರುವುದನ್ನು ವೈದ್ಯರಿಗೆ ಹೇಳಿ ಕೇಳಬೇಕು.

ಕದ್ದು ಬೆರೆಸುವ ಔಷಧಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತನ್ನು ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ನೋಡದವರು ಕಡಿಮೆ. ದಿಕ್ಕು ತೋಚದ ಹೆಂಡತಿ, ತಾಯಿ ಆ ಪುಡಿಯನ್ನೋ ಯಾರೋ ಕೊಟ್ಟ ಮಾತ್ರೆಯನ್ನೋ ಸಾರಿನಲ್ಲಿ ಬೆರೆಸುತ್ತಾರೆ. ಅಂಥ ಪುಡಿಯಲ್ಲಿ ಏನಿದೆ ಎಂದು ಬೆರೆಸುವವರಿಗೇ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯಂತೂ ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡಬೇಕಾದದ್ದು. ಅದರ ಮೇಲೆ ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಜೊತೆಗೆ ಅದು ಫೆನಿಟಾಯಿನ್ ಮಟ್ಟವನ್ನು ಏರಿಸುತ್ತದೆ, ಫಿಟ್ಸ್ ಇರುವವರಿಗೆ ಒಗ್ಗುವುದೂ ಇಲ್ಲ. ತಲೆಗೆ ಪೆಟ್ಟಾದವರಿಗೆ ಗೊತ್ತಿಲ್ಲದೆ ಇದನ್ನು ಕೊಡುವುದು ಚಿಕಿತ್ಸೆಯಲ್ಲ, ಅಪಾಯ. ಆ ಹೆಂಗಸರ ಸಂಕಟ ಅರ್ಥವಾಗುತ್ತದೆ. ಅವರಿಗೆ ಬೇರೆ ದಾರಿ ತೋರಿಸದಿರುವುದು ನಮ್ಮೆಲ್ಲರ ತಪ್ಪು.

ಮನೆಯವರು ಏನು ಮಾಡಬಹುದು

ಬುದ್ಧಿ ಹೇಳಿ, ಆಣೆ ಮಾಡಿಸಿ, ಅತ್ತು ಕರೆದು ಸೋತ ಕುಟುಂಬಗಳಿಗೆ ಒಂದು ಮಾತು ತಿಳಿದಿರಬೇಕು: ತಲೆಗೆ ಪೆಟ್ಟಾದವರಲ್ಲಿ ಕೆಲವರಿಗೆ ತಮಗೇನೋ ಕೊರತೆಯಾಗಿದೆ ಎಂಬ ಅರಿವೇ ಇರುವುದಿಲ್ಲ. ‘ನನಗೇನಾಗಿದೆ? ಚೆನ್ನಾಗೇ ಇದ್ದೀನಿ’ ಎಂದು ಅವರು ಹೇಳುವುದು ಹಟವಲ್ಲ, ಗಾಯದ್ದೇ ಒಂದು ಲಕ್ಷಣ. ಅದಕ್ಕೇ ಉದ್ದದ ಉಪದೇಶಕ್ಕಿಂತ ಸುತ್ತಲಿನ ವ್ಯವಸ್ಥೆ ಬದಲಿಸುವುದು ಫಲ ಕೊಡುತ್ತದೆ. ಮನೆಯಲ್ಲಿ ಬಾಟಲಿ ಇರಬಾರದು. ದಿನಕ್ಕೊಂದು ನಿಗದಿತ ಕೆಲಸ, ನಿಗದಿತ ಹೊತ್ತಿನ ಊಟ, ನಿದ್ದೆ ಇರಬೇಕು. ಹೇಳುವುದನ್ನು ಚಿಕ್ಕ ಮಾತಿನಲ್ಲಿ, ಮತ್ತೆ ಮತ್ತೆ, ಸಿಟ್ಟಿಲ್ಲದೆ ಹೇಳಬೇಕು. ಸಂಬಳ ಅಥವಾ ಪರಿಹಾರದ ಹಣ ಒಟ್ಟಿಗೆ ಕೈಗೆ ಬರುವ ದಿನ ಜೊತೆಗೊಬ್ಬರು ಇರಬೇಕು. ಗೆಳೆಯರನ್ನು ಬೈದು ಅಟ್ಟುವ ಬದಲು ಕೂರಿಸಿ ವಿಷಯ ತಿಳಿಸಿದರೆ, ಅವರಲ್ಲಿ ಒಬ್ಬಿಬ್ಬರಾದರೂ ಕಾವಲಾಗಿ ನಿಲ್ಲುತ್ತಾರೆ.

ಆಗಲೇ ದಿನವೂ ಕುಡಿಯುತ್ತಿದ್ದರೆ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಮೊದಲೇ ಹೇಳಿದಂತೆ ಫಿಟ್ಸ್ ಅಪಾಯವಿದೆ, ಬಿಡಿಸುವುದು ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಚಿಕಿತ್ಸೆಯೂ ವ್ಯಸನ ಚಿಕಿತ್ಸಾ ಕೇಂದ್ರವೂ ಒಂದೇ ಆವರಣದಲ್ಲಿವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಗೆ ಸೇರಿಸುವುದಾದರೆ, ತಲೆಗೆ ಪೆಟ್ಟಾಗಿದೆ ಎಂಬುದನ್ನು ಶಿಬಿರದವರಿಗೆ ಮೊದಲೇ ತಿಳಿಸಿ. ಡಿಸ್ಚಾರ್ಜ್ ಕಾರ್ಡು, ನಡೆಯುತ್ತಿರುವ ಮಾತ್ರೆಗಳು ಜೊತೆಗಿರಲಿ.

ಪೆಟ್ಟಾದ ಮೇಲೆ ಎಷ್ಟು ಕಾಲ ಮದ್ಯ ಮುಟ್ಟಬಾರದು ಎಂದು ಕೇಳುವವರಿದ್ದಾರೆ. ಚೇತರಿಕೆಯ ವೇಗ ಹೆಚ್ಚಿರುವ ಮೊದಲ ಎರಡು ವರ್ಷ ಒಂದು ಹನಿಯೂ ಬೇಡ ಎನ್ನುವ ತಜ್ಞರಿದ್ದಾರೆ, ಪೂರ್ತಿ ಬಿಟ್ಟುಬಿಡಿ ಎನ್ನುವವರು ಇನ್ನೂ ಹೆಚ್ಚು. ಹಿಂದೆ ಕುಡಿತದ ಚಟವಿದ್ದವರು, ಫಿಟ್ಸ್ ಬರುವವರು, ಮಾತ್ರೆಯ ಮೇಲಿರುವವರು ಎರಡನೆಯ ಮಾತನ್ನೇ ಕೇಳಬೇಕು.

ನಿಮ್ಮ ಮನೆಯಲ್ಲಿ ತಲೆಗೆ ಪೆಟ್ಟಾಗಿ ಚೇತರಿಸಿಕೊಳ್ಳುತ್ತಿರುವವರು ಇದ್ದರೆ, ಮುಂದಿನ ತಪಾಸಣೆಯ ದಿನ ನೀವಾಗಿಯೇ ಬಾಯಿಬಿಟ್ಟು ಕುಡಿತದ ವಿಷಯ ವೈದ್ಯರ ಮುಂದಿಡಿ. ಅವರು ಕೇಳಲೆಂದು ಕಾಯಬೇಡಿ. ಆಸ್ಪತ್ರೆ ದೂರವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೋ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೋ ಕರೆ ಮಾಡಿ. ಎರಡೂ ಉಚಿತ. ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು.